ಐದು ಮನೆಗಳ ಗುರುತು

ಉದ್ದನೆಯ ಜಗಲಿ. ಗೋಡೆಯ ಉದ್ದಕ್ಕೂ ಎರಡು ಸಾಲಿನಲ್ಲಿ ಸ್ಟೀಲ್ ತಟ್ಟೆಗಳು. ಪ್ರತಿ ತಟ್ಟೆಯಲ್ಲೂ ಅನ್ನ, ಅನ್ನದ ನೆತ್ತಿಯಲ್ಲಿ ಒಂದು ಗುಳಿ, ಗುಳಿಯೊಳಗೆ ಕೆನೆಗಟ್ಟಿ ಆರಿಹೋದ ಸಾಂಬಾರು. ಒಂದು ತಟ್ಟೆಯ ಅಂಚಿನಲ್ಲಿ ಕೂತ ನೊಣ. ತಟ್ಟೆಗಳ ಹಿಂದೆ ಒಂದು ಮಗುವೂ ಇಲ್ಲ. ಜಗಲಿಯ ತುದಿಯಲ್ಲಿ, ಕಂಬಕ್ಕೆ ಆನಿಸಿದ ಬಕೆಟ್ಟಿನ ಪಕ್ಕ ಒಬ್ಬ ಹೆಂಗಸು ನಿಂತಿದ್ದಾಳೆ. ಎಡಗೈಯಲ್ಲಿ ಸೌಟು. ಬಲಗೈ ಸೆರಗಿನೊಳಗೆ.

ಒಡೆದ ಗಾಜಿನ ಫೋನಿನಲ್ಲಿದ್ದ ಆ ಚಿತ್ರವನ್ನು ಅದೇ ಹೆಂಗಸು ನಮ್ಮ ಮುಂದೆ ಮೇಜಿನ ಮೇಲೆ ಎಡಗೈಯಿಂದ ಇಟ್ಟು, ಬಲಗೈಯನ್ನು ಇನ್ನಷ್ಟು ಸೆರಗಿನೊಳಗೆ ಎಳೆದುಕೊಂಡಳು.

"ಸೋಮವಾರದ್ದು ಇದು. ಇಸ್ಕೂಲಿನ ಅಂಜಲಿ ಟೀಚರ್ರು ಹಿಡಿದಿದ್ದು. ನಲವತ್ತೆರಡು ತಟ್ಟೆ ಕಣಮ್ಮ. ಒಂದು ಕೂಸೂ ಅಗುಳು ಮುಟ್ಲಿಲ್ಲ."

ಚಿತ್ರದುರ್ಗದ ದೊಡ್ಡಪೇಟೆಯ ಯಶೋದಮ್ಮನವರ ನಡುಮನೆಗೆ ಹೀಗೆ ಬಂದು ಕೂರುವವರು ನನಗೆ ಹೊಸಬರಲ್ಲ. ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿ ದುಡಿದು ಪೋಸ್ಟ್ ಮಾಸ್ಟರ್ ಆಗಿ ನಿವೃತ್ತರಾದ ಆಕೆಗೆ, ವಿಳಾಸ ತಪ್ಪಿದ ಕಾಗದವನ್ನಷ್ಟೇ ಅಲ್ಲ, ವಿಳಾಸ ತಪ್ಪಿದ ಸತ್ಯವನ್ನೂ ಮನೆ ಮುಟ್ಟಿಸುವ ಹಟವಿತ್ತು. ಪಕ್ಕದ ಮನೆಯ ನಾನು ನಿವೃತ್ತ ಕನ್ನಡ ಅಧ್ಯಾಪಕ. ಒಂದು ಕಾಲದಲ್ಲಿ ಎರಡು ಕವನ ಸಂಕಲನಗಳನ್ನು ಅಚ್ಚು ಹಾಕಿಸಿದ ತಪ್ಪಿಗೆ ಆಕೆಯ ಬಾಯಲ್ಲಿ 'ಕವಿಗಳೇ' ಆಗಿಯೇ ಉಳಿದಿದ್ದೆ.

ಹೆಂಗಸಿನ ಹೆಸರು ಮುದ್ದಕ್ಕ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯವಳು. ಅಲ್ಲಿನ ಶಾಲೆಯಲ್ಲಿ ಹದಿನಾರು ವರ್ಷಗಳಿಂದ ಬಿಸಿಯೂಟದ ಅಡುಗೆ. ಆರು ತಿಂಗಳ ಹಿಂದೆ ಚಿತ್ರದುರ್ಗದ ಒಂದು ವೈದ್ಯಕೀಯ ಕಾಲೇಜಿಗೆ ಬಂದು, ತಾನು ಸತ್ತ ಮೇಲೆ ದೇಹವನ್ನು ಓದುವ ಮಕ್ಕಳಿಗೆ ಕೊಡುವುದಾಗಿ ಬರೆದುಕೊಟ್ಟಿದ್ದಳು. ಸಾಕ್ಷಿ ಹಾಕಿದವಳು ಅಣ್ಣನ ಮಗಳು ಶಾಲಿನಿ; ತಾಯಿಯಿಲ್ಲದ ಅವಳನ್ನು ಮುದ್ದಕ್ಕನೇ ಸಾಕಿದ್ದಳು.

"ನಮ್ಮಲ್ಲಿ ಮಣ್ಣು ಮಾಡ್ತಾರಮ್ಮ. ಗೊತ್ತಾದ್ರೆ ರಂಪ ಆಗ್ತೈತೆ ಅಂತ ಯಾರಿಗೂ ಹೇಳಿರ್ಲಿಲ್ಲ. ಅದು ಹೋಗ್ಲಿ, ಬೈದ್ರೆ ಬೈಸ್ಕಂತೀನಿ. ಇದು ನೋಡ್ರಿ."

ಅವಳು ಇನ್ನೊಂದು ಚಿತ್ರ ತೋರಿಸಿದಳು. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ದಾಟಿದ್ದ ಸಂದೇಶ ಅದು. 'ಹೆಣ ಬರೆದುಕೊಟ್ಟವರು' ಎಂಬ ತಲೆಬರಹವನ್ನು ಯಾರೋ ಕಿಡಿಗೇಡಿ ಆಮೇಲೆ ಅಂಟಿಸಿದ್ದು ಸ್ಪಷ್ಟವಿತ್ತು. ಕೆಳಗೆ ಐದು ಸಾಲು:

ಮದಕರಿಪುರ: ಯತ್ತಪ್ಪ, ಕುರಿ ಹಟ್ಟಿ, ಒಕ್ಕಣ್ಣು.
ಹಿರಿಯೂರು: ಜಯಕ್ಕ, ಹಳೇ ಬಸ್ ಸ್ಟ್ಯಾಂಡ್ ಹಿಂದೆ, ದಪ್ಪ ಕನ್ನಡಕ.
ಜವನಗೊಂಡನಹಳ್ಳಿ: ಮುದ್ದಕ್ಕ, ಬಿಸಿಯೂಟ, ಬಲಗೈ ಬೆರಳು ಮೊಂಡು, ಕುಷ್ಠ.
ಹೊಸದುರ್ಗ: ಓಬವ್ವ, ಹೂವಿನ ಅಂಗಡಿ, ಕುಂಟು.
ಹೊಳಲ್ಕೆರೆ: ತಿಪ್ಪೇಶಪ್ಪ, ರೈಲ್ವೆ ಗೇಟ್, ಕಿವಿ ಕೇಳದು.

"ಹನ್ನೊಂದು ವರ್ಷದ ಹುಡುಗಿ ಇದ್ದಾಗ ಬಂದಿದ್ದ ಕಾಯಿಲೆ," ಎಂದಳು ಮುದ್ದಕ್ಕ. "ಮಾತ್ರೆ ತಿಂದು ವಾಸಿ ಆಗಿ ನಲವತ್ತೈದು ವರ್ಷ ಆತು. ಬೆರಳು ಒಲೇಲಿ ಸುಟ್ಟಿದ್ದು ಅಂತ ಊರಿಗೆಲ್ಲ ಹೇಳ್ಕಂಡು ಬಂದೀನಿ. ಫಾರಂನಾಗೂ ಬರೆಸಿಲ್ಲ. ಡಾಕ್ಟ್ರಮ್ಮ ಕೈ ನೋಡಿ ಕೇಳಿದ್ರು, ಅವ್ರೊಬ್ರಿಗೆ ಹೇಳಿದೆ. ಆಗ ಪಕ್ಕದಾಗೆ ಇದ್ದವಳು ಶಾಲಿನಿ ಒಬ್ಳೇ."

"ಅವಳೇ ಹೇಳಿದಳು ಅಂತೀಯಾ?"

"ಮತ್ಯಾರಮ್ಮ? ಡಾಕ್ಟ್ರಮ್ಮ ನಮ್ಮೂರಿಗೆ ಬಂದು ಹೇಳ್ತಾರಾ? ನನ್ ಹೊಸ್ಲು ತುಳೀಬ್ಯಾಡ ಅಂದುಬಿಟ್ಟೆ. ಹೋದಳು. ನಾನಲ್ಲ ಅಂತ ಒಂದೇ ಸಲ ಅಂದಳು, ಅಷ್ಟೇ. ಕೆಲಸ ಹೋದ್ರೆ ಕೂಲಿ ಮಾಡ್ತೀನಿ. ಆದ್ರೆ ಎತ್ತಿ ಆಡಿಸಿದ ಮಗಳು ಹಿಂಗೆ ಮಾಡಿದ್ಲಾ ಇಲ್ವಾ, ಅದೊಂದು ಗೊತ್ತಾಗ್ಬೇಕು ನಂಗೆ."

ಯಶೋದಮ್ಮ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಾ ಐದು ಸಾಲುಗಳನ್ನು ಬಹಳ ಹೊತ್ತು ನೋಡಿದರು. ಕಾಗದ ವಿಂಗಡಿಸುವ ಕಾಲದ ಚಾಳಿ ಅದು.

"ಈ ಪಟ್ಟಿಯಲ್ಲಿ ಏನೋ ನಂಗೆ ಗುರುತಿರೋ ಹಾಗಿದೆ ಕವಿಗಳೇ," ಎಂದರು. "ಹೆಸರುಗಳಲ್ಲ. ಅವು ನಿಂತಿರೋ ರೀತಿ."

*

ಮುಂದಿನ ದಿನಗಳನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಠಾಣೆಗೆ ಹೋದೆವು, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಫೋನಿನ ಅಪರಾಧಗಳ ಠಾಣೆಗೆ ಹೋಗಿ ಎಂದರು. ಅಲ್ಲಿಗೆ ಹೋದರೆ, ನೂರಾರು ಕೈ ದಾಟಿದ ಸಂದೇಶದ ಬೇರು ಹುಡುಕುವುದು ಕಷ್ಟ, ಅರ್ಜಿ ಕೊಟ್ಟು ಹೋಗಿ ಎಂದರು. ಊರಿನ ಫೋನುಗಳಿಂದ ಸಂದೇಶ ಆಗಲೇ ಅಳಿಸಿಹೋಗಿತ್ತು, ಮನಸ್ಸುಗಳಿಂದ ಮಾತ್ರ ಅಳಿದಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕೆರಳಿಸಿದ್ದು ಹೋದಲ್ಲೆಲ್ಲ ಎದುರಾದ ಒಂದೇ ಪ್ರಶ್ನೆ: 'ದಾನ ಒಳ್ಳೆ ಕೆಲಸ ಅಲ್ವಾ ಸಾರ್? ಮುಚ್ಚಿಡೋದೇನಿದೆ ಅದರಲ್ಲಿ?'

ಕಾಲೇಜಿನ ಅಂಗರಚನಾ ವಿಭಾಗದ ಮುಖ್ಯಸ್ಥೆ ಡಾ. ಸುಚಿತ್ರಾ ನಮ್ಮನ್ನು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡರು. ಅಲ್ಲಿ ಮೊದಲೇ ಒಬ್ಬರು ಕೂತು, ಫ್ಲಾಸ್ಕಿನಿಂದ ತಾವೇ ಚಹಾ ಬಗ್ಗಿಸಿಕೊಳ್ಳುತ್ತಿದ್ದರು. ದೇಹದಾನಿಗಳ ಬಳಗದ ಅಧ್ಯಕ್ಷ ದಯಾನಂದ. ಭರಮಸಾಗರದ ನಿವೃತ್ತ ಹೆಡ್ ಮಾಸ್ಟರು, ಬಿಳಿ ಅಂಗಿ, ತುಂಬು ಕಂಠ.

"ನಮ್ಮ ವಿಭಾಗಕ್ಕೆ ಈ ಕುರ್ಚಿ ಮೇಜು ಹೇಗೋ, ಅಧ್ಯಕ್ಷರೂ ಹಾಗೇ," ಎಂದು ವೈದ್ಯೆ ನಕ್ಕರು. ನಂತರ ಗಂಭೀರರಾಗಿ, "ಮುದ್ದಕ್ಕ ಹೇಳಿದ್ದನ್ನ ರಿಜಿಸ್ಟರಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ, ನಿಜ. ಹಳೆಯ ಕಾಯಿಲೆಯ ಗುರುತು ಮುಂದೆ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಆದರೆ ಆ ಬೀರುವಿನ ಕೀಲಿ ಇರೋದು ನನ್ನ ಹತ್ತಿರ ಮತ್ತು ಅಟೆಂಡರ್ ದುರುಗಣ್ಣನ ಹತ್ತಿರ ಮಾತ್ರ. ಹೊರಗಿನವರು ಯಾರೂ ಅದನ್ನ ಮುಟ್ಟಿಲ್ಲ," ಎಂದರು.

"ಅಲ್ಲೇ ಇದೆಯಲ್ಲ ಮೇಡಂ!" ದಯಾನಂದ ಮೇಜು ಗುದ್ದಿದರು. "ದುರುಗಣ್ಣ! ನಾನು ಪ್ರಿನ್ಸಿಪಾಲರಿಗೆ ಬರೆದುಕೊಟ್ಟೇ ಅವನನ್ನ ಗೇಟಿಗೆ ಹಾಕ್ಸಿದ್ದೀನಿ. ಈ ವರ್ಷ ಎಂಟು ಜನ ಬರೆದುಕೊಟ್ಟಿದ್ರು. ನಮ್ಮ ಭರಮಸಾಗರದೋರೇ ಮೂರು ಜನ, ನಾನೇ ಮನೆಮನೆಗೆ ಹೋಗಿ ಒಪ್ಪಿಸಿದ್ದು. ಅವರಿಗೆಲ್ಲ ಸನ್ಮಾನ ಇಟ್ಕೊಂಡಿದ್ದೆ, ಅದೂ ನಿಂತುಹೋಯ್ತು. ಕಾರ್ಡು ಪ್ರೆಸ್ಸಿನಿಂದ ಹೊರಗೇ ಬರ್ಲಿಲ್ಲ ನೋಡಿ!"

ಪಕ್ಕದ ಕೋಣೆಯ ಗುಮಾಸ್ತ ಪ್ರಭು, ಹೊಳಲ್ಕೆರೆಯ ತರುಣ, ಕಂಪ್ಯೂಟರಿನ ಮೇಲೆ ಅಂಟಿಸಿದ್ದ 'ಗೌಪ್ಯ' ಎಂಬ ಚೀಟಿಯನ್ನು ಹೆಮ್ಮೆಯಿಂದ ತೋರಿಸಿದ. "ತಿಂಗ್ಳಿಗೊಂದ್ಸಲ ಪಾಸ್‌ವರ್ಡ್ ಬದಲಾಯಿಸ್ತೀನಿ ಮೇಡಂ. ಇದ್ರಾಗೆ ಹೆಸರು, ಫೋನ್ ನಂಬರು, ಅಷ್ಟೇ. ಅದೂ ಅಕಾರಾದಿಯಾಗಿ. ವಿಳಾಸ, ಕಾಯಿಲೆ ಎಲ್ಲ ರಿಜಿಸ್ಟರ್‌ನಾಗೇ."

"ರಿಜಿಸ್ಟರಿನಲ್ಲಿ ಯಾವ ಕ್ರಮ?"

"ಬಂದ ತಾರೀಖಿನ ಪ್ರಕಾರ. ಮುದ್ದಕ್ಕಂದೇ ಮೊದಲ್ನೇದು."

ಗೇಟಿನಲ್ಲಿ ಬಿಸಿಲಿಗೆ ನಿಂತಿದ್ದ ದುರುಗಣ್ಣ ನಮ್ಮನ್ನು ಕಂಡು ಟೋಪಿ ತೆಗೆದ. "ಇಪ್ಪತ್ತೆರಡು ವರ್ಷದಿಂದ ಹೆಣ ಕಾದೀನಿ ತಾಯಿ. ಒಂದು ಹೆಣವೂ ನನ್ ಮ್ಯಾಲೆ ದೂರು ಹೇಳಿಲ್ಲ. ಬದುಕಿರೋರೇ ಹೇಳಿದ್ದು. ಆ ಯತ್ತಪ್ಪ ನಮ್ ಮದಕರಿಪುರದೋನು, ನಮ್ ಹಟ್ಟಿ ಪಕ್ಕದ ಹಟ್ಟಿ. ಅವನ ಸುದ್ದಿ ಹಬ್ಬಿಸಿ ನಾನು ಊರಾಗೆ ಬಾಳಾದುಂಟಾ?"

ಯಶೋದಮ್ಮ ತಟ್ಟನೆ ಅವನ ಕಡೆ ತಿರುಗಿದರು. "ಪಕ್ಕದ ಹಟ್ಟಿನಾ?" ಎಂದು ಕೇಳಿ, ಬಸ್ ನಿಲ್ದಾಣದ ಕಡೆ ಹೆಜ್ಜೆ ಹಾಕಿದರು.

*

ಹಿರಿಯೂರಿನಲ್ಲಿ ಮೊದಲು ಶಾಲಿನಿಯನ್ನು ಕಂಡೆವು. ಬಟ್ಟೆ ಹೊಲಿಯುವ ಅಂಗಡಿಯೊಂದರಲ್ಲಿ ಯಂತ್ರದ ಮುಂದೆ ಕೂತಿದ್ದಳು. ಎದ್ದು ಸ್ಟೂಲು ಕೊಟ್ಟಳು.

"ನೀನು ಹೇಳಿಲ್ಲ ಅಂತ ನಿಮ್ಮತ್ತೆಗೆ ಇನ್ನೊಂದು ಸಲ ಹೇಳಬಾರದಾ?" ಎಂದೆ ನಾನು.

"ಯಾಕೆ ಹೇಳ್ಲಿ ಸಾರ್?" ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಮೂರು ವರ್ಷದೋಳಿದ್ದಾಗಿಂದ ಆ ಮೊಂಡು ಬೆರಳಾಗೇ ತುತ್ತು ತಿಂದೀನಿ. ನಂಗೆ ಅಸಹ್ಯ ಆಗ್ಲಿಲ್ಲ. ಅವ್ರಿಗೆ ನನ್ ಮ್ಯಾಲೆ ಆತು."

ಜಯಕ್ಕನ ಮನೆ ಹಳೇ ಬಸ್ ನಿಲ್ದಾಣದ ಹಿಂದೆ. ದಪ್ಪ ಕನ್ನಡಕದ ಮುದುಕಿ, ಗಟ್ಟಿ ದನಿ. "ಬರ್ರಿ, ಕುಂತ್ಕಳ್ರಿ. ನನ್ ಮಕ್ಳಿಗೆ ಮೊದ್ಲೇ ಗೊತ್ತಿತ್ತು, ನಂಗೇನೂ ಆಗ್ಲಿಲ್ಲ. ಪಾಪ, ಆ ಅಡುಗೆಯಾಕಿಗೆ ಹಿಂಗಾಗ್ಬಾರ್ದಿತ್ತು."

ಯಶೋದಮ್ಮನ ಕಣ್ಣು ಗೋಡೆಯ ಮೇಲಿತ್ತು. ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದ ಕಾರ್ಡೊಂದರ ಮೂಲೆಗೆ ಅರಿಶಿನ ಹಚ್ಚಿತ್ತು. ಮದುವೆಯದಿರಬೇಕೆಂದು ನಾನು ಗಮನ ಕೊಡಲಿಲ್ಲ.

"ಇದನ್ನ ಯಾವತ್ತು ಕೊಟ್ಟರು?"

"ಭಾನುವಾರ ಮಧ್ಯಾಹ್ನ. ಕಾರಿನಾಗೆ ಬಂದ್ರು. ಕುಂಕುಮ ಇಟ್ಟು ಕರೆದ್ರು, ಬಲು ಮರ್ಯಾದಿಯಿಂದ. ಊಟ ಮಾಡ್ಕಂಡು ಹೋಗ್ರಿ ಅಂದ್ರೆ ಇಲ್ಲ, ಇನ್ನೂ ಮುಂದಕ್ಕೆ ಹೋಗ್ಬೇಕು ಅಂದ್ರು."

"ನನಗೆ ಎರಡು ದಿನದ ಮಟ್ಟಿಗೆ ಕೊಡ್ತೀರಾ?" ಎಂದು ಆಕೆ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡರು.

ಬಸ್ಸಿಗಾಗಿ ಒಂದೂವರೆ ಗಂಟೆ ಕಾದು ಹೊಸದುರ್ಗಕ್ಕೆ ಹೋದೆವು. ಹೂ ಕಟ್ಟುತ್ತಿದ್ದ ಓಬವ್ವ ನಮ್ಮನ್ನು ನೋಡಿ, "ಈ ವಿಷ್ಯಕ್ಕೆ ನನ್ ಮನೆಗೆ ಬಂದೋರು ನೀವೇ ಮೊದ್ಲು," ಎಂದಳು. ಸಂಜೆ ಹೊಳಲ್ಕೆರೆಯಲ್ಲಿ ತಿಪ್ಪೇಶಪ್ಪನ ಕಿವಿಗೆ ಬಾಯಿಟ್ಟು ಕೂಗಿ ಕೇಳಿದಾಗ ಬಂದ ಉತ್ತರವೂ ಅದೇ. ಅಲ್ಲಿಂದ ಚಿತ್ರದುರ್ಗದ ಬಸ್ಸು ಹತ್ತಿದಾಗ ನನ್ನ ಸಹನೆ ತೀರಿತ್ತು.

"ಇಡೀ ದಿನ ಸುತ್ತಿದ್ದೇ ಬಂತು. ಏನು ಸಿಕ್ಕಿತು ನಮಗೆ?"

"ಸುತ್ತಿದ್ದೇ ಸಿಕ್ಕಿತು," ಎಂದರು ಯಶೋದಮ್ಮ. ಆದರೆ ಮುಖದಲ್ಲಿ ಗೆಲುವಿರಲಿಲ್ಲ. "ಸಿಗಬಾರದಿತ್ತು ಅನ್ನಿಸ್ತಿದೆ."

*

ಮರುದಿನ ಹನ್ನೊಂದಕ್ಕೆ ಎಲ್ಲರೂ ಡಾ. ಸುಚಿತ್ರಾ ಅವರ ಕೋಣೆಯಲ್ಲಿ ಸೇರಿದೆವು. ವೈದ್ಯೆ, ದಯಾನಂದ, ಪ್ರಭು, ಗೇಟಿನಿಂದ ಕರೆಸಿದ ದುರುಗಣ್ಣ. ಒಂದು ಗೋಡೆಗೆ ಮುದ್ದಕ್ಕ, ಎದುರು ಗೋಡೆಗೆ ಶಾಲಿನಿ. ಅವರ ನಡುವಿನ ಹತ್ತು ಅಡಿ ನೆಲದಷ್ಟು ಅಗಲವಾದದ್ದನ್ನು ನಾನು ಯಾವ ಬಯಲಿನಲ್ಲೂ ಕಂಡಿಲ್ಲ.

ಯಶೋದಮ್ಮ ಪಟ್ಟಿಯನ್ನು ಮೇಜಿನ ಮೇಲೆ ಹರಡಿದರು.

"ಕಂಪ್ಯೂಟರಿನಲ್ಲಿ ಹೆಸರುಗಳು ಅಕಾರಾದಿಯಾಗಿವೆ. ರಿಜಿಸ್ಟರಿನಲ್ಲಿ ತಾರೀಖಿನ ಪ್ರಕಾರ. ಈ ಪಟ್ಟಿ ಎರಡೂ ಅಲ್ಲ. ಮದಕರಿಪುರ, ಹಿರಿಯೂರು, ಜವನಗೊಂಡನಹಳ್ಳಿ, ಹೊಸದುರ್ಗ, ಹೊಳಲ್ಕೆರೆ. ನಮ್ಮ ಪೋಸ್ಟ್‌ಮ್ಯಾನ್ ಬೆಳಗ್ಗೆ ಕಾಗದ ಜೋಡಿಸಿಕೊಳ್ಳೋದು ಹೆಸರಿನ ಮೇಲಲ್ಲ, ನಡೆಯೋ ದಾರಿಯ ಮೇಲೆ. ಇದು ದಾರಿಯ ಕ್ರಮ. ಒಂದೇ ದಿನದಲ್ಲಿ ಗಾಡಿಯಲ್ಲಿ ಸುತ್ತು ಹೊಡೆದು ವಾಪಸ್ ಬರೋನು ಬರೆದುಕೊಂಡದ್ದು."

ಪ್ರಭು ಗೋಡೆಯ ಮೇಲಿದ್ದ ಜಿಲ್ಲೆಯ ನಕ್ಷೆಯನ್ನು ನೋಡಿ ತಲೆಯಾಡಿಸಿದ.

"ಎರಡನೆಯದು. ಒಕ್ಕಣ್ಣು, ಕನ್ನಡಕ, ಕುಂಟು. ಇವು ಕಾಲೇಜಿಗೆ ಬೇಕಾದ ವಿವರಗಳಲ್ಲ. ಮನೆ ಹುಡುಕುವವನಿಗೆ ಬೇಕಾದ ಗುರುತುಗಳು. ಒಂದೂರಲ್ಲಿ ಮೂರು ಜನ ಮುದ್ದಕ್ಕ ಇರಬಹುದು. ಮೊಂಡು ಬೆರಳಿನ ಮುದ್ದಕ್ಕ ಒಬ್ಬಳೇ. ಈಗ ಯೋಚಿಸಿ. ದುರುಗಣ್ಣನಿಗೆ ಪಕ್ಕದ ಹಟ್ಟಿಯ ಯತ್ತಪ್ಪನ ಗುರುತು ಬರೆದುಕೊಳ್ಳಬೇಕಾ? ಹೊಳಲ್ಕೆರೆಯ ಪ್ರಭು ತನ್ನೂರಿನ ರೈಲ್ವೆ ಗೇಟಿನ ಮನೆಗೆ ಗುರುತು ಬರೆಯಬೇಕಾ?" ಆಕೆ ಮುದ್ದಕ್ಕನ ಕಡೆ ತಿರುಗಿದರು. "ನಿನ್ನ ಕೈತುತ್ತು ತಿಂದು ಬೆಳೆದವಳಿಗೆ ನಿನ್ನ ಮನೆ ಹುಡುಕೋಕೆ ನಿನ್ನ ಬೆರಳಿನ ಗುರುತು ಬೇಕಿತ್ತೇನಮ್ಮಾ?"

ಮುದ್ದಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಶಾಲಿನಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಮೂರನೆಯದು. ಈ ವರ್ಷ ಬರೆದುಕೊಟ್ಟವರು ಎಂಟು ಜನ. ಪಟ್ಟಿಯಲ್ಲಿ ಐದೇ. ಬಿಟ್ಟುಹೋದ ಮೂವರೂ ಒಂದೇ ಊರಿನವರು. ಆ ಊರಿನ ಮನೆಗಳಿಗೆ ಪಟ್ಟಿ ಬರೆದವನಿಗೆ ಗುರುತು ಬೇಕಿರಲಿಲ್ಲ. ಯಾಕೆಂದರೆ ಅದು ಅವನ ಊರು. ಭರಮಸಾಗರ."

ಯಾರೂ ದಯಾನಂದರ ಕಡೆ ನೋಡಲಿಲ್ಲ. ನೋಡದಿರುವುದೂ ಒಂದು ನೋಟವೇ.

"ಏನಮ್ಮಾ ಇದು, ಊಹಾಪೋಹ!" ಎಂದರು ಅವರು. ದನಿ ಮಾತ್ರ ತುಂಬಿರಲಿಲ್ಲ.

ಯಶೋದಮ್ಮ ಚೀಲದಿಂದ ಅರಿಶಿನದ ಮೂಲೆಯ ಕಾರ್ಡನ್ನು ತೆಗೆದಿಟ್ಟರು. ಮದುವೆಯದಲ್ಲ. 'ದೇಹದಾನಿಗಳ ಸನ್ಮಾನ' ಎಂದಿತ್ತು.

"ಪ್ರೆಸ್ಸಿನಿಂದ ಹೊರಗೇ ಬರಲಿಲ್ಲ ಅಂದ ಕಾರ್ಡು. ಭಾನುವಾರ ಮಧ್ಯಾಹ್ನ ಹಿರಿಯೂರಿನ ಜಯಕ್ಕನಿಗೆ ಸಿಕ್ಕಿದೆ. ಊಟಕ್ಕೆ ನಿಲ್ಲದೆ ನೀವು ಮುಂದಕ್ಕೆ ಹೋದಿರಿ. ಮುಂದಿನ ಊರು ಜವನಗೊಂಡನಹಳ್ಳಿ. ಅದರಾಚೆ ಹೊಸದುರ್ಗದಲ್ಲಿ ಕಾರ್ಡಿಲ್ಲ, ಹೊಳಲ್ಕೆರೆಯಲ್ಲೂ ಇಲ್ಲ. ನಿಮ್ಮ ದಾರಿ ಮುದ್ದಕ್ಕನ ಊರಿನಲ್ಲೇ ತುಂಡಾಗಿದೆ. ಅಲ್ಲಿ ನಿಮಗೆ ಏನು ಕಾಣಿಸಿತು?"

ದಯಾನಂದ ಕಾರ್ಡನ್ನು ತಮ್ಮತ್ತ ಎಳೆದುಕೊಂಡರು. "ಅರಳಿಕಟ್ಟೆ ಹತ್ರ ಜನ ಗುಂಪು ಕಟ್ಟಿದ್ರು. ಇವಳ ಹೆಸರು ಹೇಳಿ ಕೂಗಾಡ್ತಿದ್ರು. ಕಾರು ತಿರುಗಿಸ್ಕೊಂಡು ಬಂದುಬಿಟ್ಟೆ." ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಮನೆಗೆ ಹೋಗಿ ಕುಂಕುಮ ಇಟ್ಟು ಕರೀಬೇಕು ಅಲ್ವೇನಮ್ಮಾ? ಫೋನಲ್ಲಿ ಕರೆದ್ರೆ ಅದು ಮರ್ಯಾದೆನಾ? ವಿಳಾಸಕ್ಕೆ ರಿಜಿಸ್ಟರ್ ನೋಡಿದೆ, ಗುರುತಿಗೆ ಅಂತ ಕಂಡದ್ದನ್ನೆಲ್ಲ ಬರ್ಕೊಂಡೆ. ಇವಳ ಊರಲ್ಲಿ ಸುದೀಪ್ ಅಂತ, ನನ್ನ ಹಳೇ ಶಿಷ್ಯ. ಮನೆ ಎಲ್ಲಿ ಬರುತ್ತೆ ಹೇಳಪ್ಪಾ ಅಂತ ಶನಿವಾರ ಪಟ್ಟೀನೇ ಕಳಿಸಿದೆ. ಅವನು ಊರಿನ ಗುಂಪಿಗೆ ಹಾಕಿ ಕೇಳಿದ. ನಾನು ಗೌರವ ಮಾಡೋಕೆ ಹೊರಟಿದ್ದು. ಕೇಡು ಬಗೆಯೋಕಲ್ಲ."

"ಗೌರವ!" ಯಶೋದಮ್ಮನ ದನಿ ಮೊದಲ ಬಾರಿಗೆ ಏರಿತು. "ಪಟ್ಟಿ ಕಳಿಸಿದ್ದು ತಪ್ಪು. ಆಮೇಲೆ ನೀವು ಸುಮ್ಮನಿದ್ದಿರಲ್ಲ, ದುರುಗಣ್ಣನನ್ನ ಬಿಸಿಲಿಗೆ ನಿಲ್ಲಿಸಿದಿರಲ್ಲ, ಅದಕ್ಕೆ ಏನು ಹೆಸರು ಕೊಡೋಣ ಹೆಡ್ ಮಾಸ್ಟರೇ? ಡಾಕ್ಟರೇ, ಹೊರಗಿನವರು ಯಾರೂ ಮುಟ್ಟಿಲ್ಲ ಅಂದಿರಿ."

"ಅವರನ್ನ ಹೊರಗಿನವರು ಅಂತ ನಾನು ಯಾವತ್ತೂ..." ಡಾ. ಸುಚಿತ್ರಾ ಮಾತು ನಿಲ್ಲಿಸಿದರು. "ಒಂದು ಮಧ್ಯಾಹ್ನ. ಇಲ್ಲೇ ಕೂತು ಬರೆದುಕೊಂಡರು. ನಾನೇ ಬೀರು ತೆಗೆದುಕೊಟ್ಟೆ."

ತಿಂಗಳಿಗೊಮ್ಮೆ ಬದಲಾಗುವ ಪಾಸ್‌ವರ್ಡಿನ ಪಕ್ಕದಲ್ಲೇ, ಒಂದು ಲೋಟ ಚಹಾದ ಸಲುಗೆಗೆ ಬೀರು ತೆರೆದಿತ್ತು. ನನಗೆ ಸಿಟ್ಟು ಬಂತು. ಆದರೆ ಅದನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯಲಿಲ್ಲ. ಶಾಲೆಗೆ ತಾವೇ ಹೋಗಿ, ಮುದ್ದಕ್ಕ ಬಡಿಸಿದ ಅನ್ನವನ್ನು ಊರವರ ಎದುರು ಉಣ್ಣುವುದಾಗಿ ವೈದ್ಯೆ ಹೇಳಿದರು. ದುರುಗಣ್ಣನ ಮೇಲಿನ ದೂರನ್ನು ದಯಾನಂದ ಅಲ್ಲೇ ಕೂತು ಬರೆದುಕೊಟ್ಟು ಹಿಂದಕ್ಕೆ ಪಡೆದರು. ಸಂದೇಶವನ್ನು ಹಿಂದಕ್ಕೆ ಪಡೆಯುವ ದಾರಿ ಯಾರಿಗೂ ಗೊತ್ತಿರಲಿಲ್ಲ.

"ಮುದ್ದಕ್ಕ, ನಿನ್ನ ಫಾರಂ ವಾಪಸ್ ಬೇಕಾದರೆ ಕೊಡ್ತೀನಿ," ಎಂದರು ವೈದ್ಯೆ.

"ಕೊಟ್ಟ ಮಾತು ಕೊಟ್ಟೆ ಕಣಮ್ಮ. ಹೆಣ ನಿಮ್ದೇ. ಆ ಪೆನ್ಸಿಲ್ಲಿನ ಬರಹ ಮಾತ್ರ ಅಳಿಸ್ರಿ."

ರಬ್ಬರ್ ತಂದು ಅವಳೆದುರೇ ಅಳಿಸಿದರು. ಅಕ್ಷರ ಹೋಯಿತು. ಬೆಳಕಿಗೆ ಓರೆಯಾಗಿ ಹಿಡಿದಾಗ ಕಾಗದದಲ್ಲಿ ಒತ್ತಿದ ಗೆರೆ ಹಾಗೇ ಉಳಿದಿತ್ತು, ಓದಬಹುದಿತ್ತು.

ಮುದ್ದಕ್ಕ ಆ ಹತ್ತು ಅಡಿ ನೆಲವನ್ನು ದಾಟಿದಳು. ಸೆರಗಿನಿಂದ ಬಲಗೈ ಹೊರತೆಗೆದು ಶಾಲಿನಿಯ ತೋಳು ಹಿಡಿದಳು. ಎಲ್ಲರೆದುರು ಆ ಕೈ ಹೊರಬಂದದ್ದು ಅದೇ ಮೊದಲು.

"ಮಗಳೇ, ತಪ್ಪಾತು. ಮನೆಗೆ ಬಾ. ಹೋಗಾಣ."

ಶಾಲಿನಿ ಆ ಕೈಯನ್ನು ಕೊಡವಲಿಲ್ಲ. ಮೊಂಡು ಬೆರಳುಗಳನ್ನು ಒಂದೊಂದಾಗಿ ಸವರಿದಳು. ಆಮೇಲೆ ಮೆಲ್ಲಗೆ, ನಿದ್ದೆ ಹೋದ ಮಗುವಿನ ಕೈ ಬಿಡಿಸುವ ಹಾಗೆ, ತನ್ನ ತೋಳಿನಿಂದ ಬಿಡಿಸಿದಳು.

"ನಾನಲ್ಲ ಅಂತ ನಾನೂ ಹೇಳಿದ್ದೆ ಅತ್ತೆ. ನಿಮ್ಗೆ ಈ ಅಮ್ಮ ಹೇಳ್ಬೇಕಾತು, ಕಾರ್ಡು ತೋರಿಸ್ಬೇಕಾತು." ಅವಳ ಕಣ್ಣು ತುಂಬಿತ್ತು, ದನಿ ಒಣಗಿತ್ತು. "ಹಬ್ಬಕ್ಕೆ ಬರ್ತೀನಿ. ಈಗ ಬ್ಯಾಡ. ಅಂಗಡೀಲಿ ಕೆಲಸ ಐತೆ."

ಕರೆಯಬೇಕೆಂದು ನಾನು ಎದ್ದೆ. ಯಶೋದಮ್ಮ ನನ್ನ ತೋಳು ಹಿಡಿದು ಕೂರಿಸಿದರು. ಆ ಕೋಣೆಯ ಬಾಗಿಲಿನ ನೆತ್ತಿಯಲ್ಲಿ, ಅದನ್ನು ತಾನಾಗಿ ಮುಚ್ಚಿಸುವ ಕಬ್ಬಿಣದ ತೋಳೊಂದಿತ್ತು. ಶಾಲಿನಿ ಹೊರಗೆ ಕಾಲಿಟ್ಟ ಮೇಲೆ ಬಾಗಿಲು ಸಾವಕಾಶವಾಗಿ ಹಿಂದಕ್ಕೆ ಸರಿಯಿತು. ಅವಳ ಬೆನ್ನು ಅರ್ಧ ಕಂಡಿತು, ಜಡೆಯ ತುದಿಯಷ್ಟು ಕಂಡಿತು. ಮುದ್ದಕ್ಕ ಬಲಗೈಯನ್ನು ಗಾಳಿಯಲ್ಲಿ ಹಾಗೇ ಹಿಡಿದು ನಿಂತಿದ್ದಳು. ಬಾಗಿಲು ಮುಚ್ಚಿಕೊಂಡಿತು.